ತಮ್ಮನ ಹಕಾರ

ಪೊಲೀಸರ ಕೈಗೆ ಸಿಗದವರೆಲ್ಲ ಟೀಚರ ಕೈಗೆ ಸಿಕ್ಕಿಬೀಳುತ್ತಾರೆ ಎಂಬುದು ಆ ಊರಿನ ಹಳೆಯ ತಮಾಷೆ. ಸುಳ್ಳೇನಲ್ಲ. ನಿವೃತ್ತಿಯಾದ ಮೇಲೆ ಸೀಮೆಸುಣ್ಣ ಕೆಳಗಿಟ್ಟು ಪೆನ್ನು ಹಿಡಿದ ಹೆಂಗಸು ಅವರು. ಪತ್ತೆಯಾಗದೆ ಮೂಲೆ ಸೇರಿದ ಪ್ರಕರಣಗಳನ್ನು ಹೆಕ್ಕಿ ತೆಗೆಯುವುದು, ಕಂಡವರನ್ನೂ ಕೇಳಿದವರನ್ನೂ ಬೆನ್ನುಬಿಡದೆ ಮಾತಾಡಿಸುವುದು, ಕೊನೆಗೆ ಕಾದಂಬರಿಯಲ್ಲಿ ತಪ್ಪಿತಸ್ಥನ ಜುಟ್ಟು ಹಿಡಿದು ನಿಲ್ಲಿಸುವುದು. ಮೊದಲ ಪುಸ್ತಕ ಬಂದಾಗ ‘ಅರವತ್ತಕ್ಕೆ ಅರಳು ಮರಳು’ ಎಂದು ಮೂಗು ಮುರಿದ ಜೊತೆಯ ಮೇಷ್ಟ್ರುಗಳೇ ಮುಂದಿನದನ್ನು ಬಾಡಿಗೆಗೆ ತಂದು ಓದಿದರು. ಓದಿ ವಾಪಸ್ ಕೊಡಲಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಟೀಚರು ಮತ್ತು ಅವರ ತಮ್ಮ, ಇಬ್ಬರೇ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ತಮ್ಮ ಒಂದು ಕಾಲಕ್ಕೆ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಕಣ್ಣು ಮಂಜಾಗಿದೆ ಎಂದು ಬಿಟ್ಟವನು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ, ಅದೇ ಬೇಕರಿಯ ಒಳಮನೆಯಲ್ಲಿ ಹಿಟ್ಟು ನಾದಿಕೊಂಡು ಉಳಿದ. ಅಕ್ಕನಿಗಿಂತ ಬಹಳ ಚಿಕ್ಕವನು, ಅಕ್ಕನ ಸೊಂಟದ ಮೇಲೆಯೇ ಬೆಳೆದವನು. ಚಿಕ್ಕಂದಿನಲ್ಲಿ ಅವನ ನಾಲಿಗೆಗೆ ಹಕಾರ ಒಗ್ಗುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು. ಗೋಡೆ ತೋರಿಸಿ “ಅಲ್ಲಿ, ಅಲ್ಲಿ” ಎಂದು ಕಿರುಚಿದರೆ ಹಲ್ಲಿ ಬಂದಿದೆ ಎಂದು ಮನೆಯವರೇ ತಿಳಿದುಕೊಳ್ಳಬೇಕಿತ್ತು. ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಗಾಜಿನ ಮೇಲೆ ಉಸಿರು ಬಿಡಿಸಿ, ಗಾಜು ಮಸುಕಾದರೆ ಅದೇ ‘ಹ’ ಎಂದು ಕಲಿಸಿದ್ದು ಅಕ್ಕ. ಟೀಚರು ಜೀವನದಲ್ಲಿ ಮಾಡಿದ ಮೊದಲ ಪಾಠ ಅದು. ತಮ್ಮ ಕಲಿತ, ಬೇಕಾದ್ದಕ್ಕಿಂತ ಹೆಚ್ಚೇ ಕಲಿತ. ಗಾಬರಿಯಾದರೆ ಸಾಕು, ಬೇಡದ ಕಡೆಯೆಲ್ಲ ಹಕಾರ ನುಗ್ಗುತ್ತಿತ್ತು. ಅಕ್ಕ ಹಕ್ಕ, ಇಲಿ ಹಿಲಿ. “ಬಿಟ್ಟಿದ್ದನ್ನೆಲ್ಲ ಬಡ್ಡಿ ಸಮೇತ ತೀರಿಸ್ತಾ ಇದಾನೆ” ಎಂದು ಅವರಮ್ಮ ನಗುತ್ತಿದ್ದರು. ದೊಡ್ಡವನಾದ ಮೇಲೆ ಮಾತು ನೆಟ್ಟಗಾಯಿತು, ತೀರಾ ಹೆದರಿದಾಗ ಬಿಟ್ಟು.

ಒಂದು ಬೆಳಗ್ಗೆ ಬೀದಿಯ ಕೊನೆಯ ಇಸ್ತ್ರಿಯಮ್ಮ ಮಡಿಸಿದ ಬಟ್ಟೆ ಕೊಡಲು ಬಂದವರು ಬಾಗಿಲಲ್ಲೇ ನಿಂತರು. “ಟೀಚರ್, ಊರಿನ ಕಳ್ಳರನ್ನೆಲ್ಲ ಹಿಡಿದುಕೊಟ್ರಿ. ನನ್ನ ಮಗನ್ನ ಗುದ್ದಿ ಹೋದೋನನ್ನೂ ಹಿಡೀರಿ. ಪುಸ್ತಕದಲ್ಲಾದ್ರೂ ಸರಿ, ಅವನ ಮುಖ ನೋಡ್ಬೇಕು ನಂಗೆ.”

ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಬಹಳ ವರ್ಷಗಳ ಹಿಂದೆ, ಮುಂಜಾನೆಯ ಪಾಳಿಗೆಂದು ಸೈಕಲ್ ಹತ್ತಿ ಹೊರಟಿದ್ದ ಹುಡುಗ ಹಿಟ್ಟಿನ ಗಿರಣಿಯ ತಿರುವಿನಲ್ಲಿ ಬಿದ್ದಿದ್ದ. ಗುದ್ದಿದ ಗಾಡಿ ಸಿಗಲಿಲ್ಲ. ಯಾರೋ ಆಸ್ಪತ್ರೆಗೆ ಫೋನ್ ಮಾಡಿದ್ದರು, ಹೆಸರು ಹೇಳಿರಲಿಲ್ಲ. ಆಂಬುಲೆನ್ಸ್ ಹೋಗುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ.

ಟೀಚರು ಆ ತಾಯಿಗೆ ಮಾತು ಕೊಟ್ಟರು. ತಮ್ಮನಿಗೆ ಹಿಡಿಸಲಿಲ್ಲ. “ಬೇಡ ಅಕ್ಕ. ಹೋದವರು ಬರ್ತಾರಾ? ಇದೊಂದು ಬಿಟ್ಬಿಡು.”

“ನಿಂದು ಹೆಂಗರುಳು ಕಣೋ” ಎಂದು ಟೀಚರು ನಕ್ಕರು. ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುತ್ತಿದ್ದವರಿಗೆ ಎದುರಿಗೆ ಕೂತು ಊಟ ಮಾಡುವವನ ಮುಖ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಅಂದು ಆಸ್ಪತ್ರೆಯಲ್ಲಿ ಫೋನ್ ಎತ್ತಿದ್ದ ಆಪರೇಟರ್ ಈಗ ಮಗಳ ಮನೆಯಲ್ಲಿದ್ದರು. ಕಾಫಿ ಕೊಟ್ಟು, ಸಂಕೋಚದಿಂದಲೇ ಹೇಳಿದರು. “ಪೊಲೀಸ್ನೋರು ಏನು ಹೇಳಿದ ಅಂತ ಕೇಳಿದ್ರು, ಹೇಗೆ ಹೇಳಿದ ಅಂತ ಕೇಳ್ಲಿಲ್ಲ ಮೇಡಂ. ಮೊದಲು ನನಗೆ ನಗು ಬಂದುಬಿಡ್ತು. ಆ ಪಾಪ ಇವತ್ತಿಗೂ ಕಾಡುತ್ತೆ. ‘ಹಾಂಬುಲೆನ್ಸ್ ಕಳಿಸಿ, ಹೊಬ್ಬ ಬಿದ್ದಿದಾನೆ, ಹಿನ್ನೂ ಹುಸಿರು ಹಿದೆ’ ಅಂದ. ಅಳ್ತಿದ್ದ ಅಂತ ಆಮೇಲೆ ಗೊತ್ತಾಯ್ತು.”

ಟೀಚರ ಕಾಫಿ ಹಾಗೇ ಉಳಿಯಿತು.

ಮನೆಗೆ ಬಂದರೆ ತಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. ಟೀಚರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತರು. “ಫೋನ್ ಮಾಡಿದವನು ಹುಡುಗನಿಗೆ ಉಸಿರಿದೆ ಅಂದಿದ್ದನಂತೆ.”

ಅವನು ಚಾಕು ಕೆಳಗಿಟ್ಟ. “ಹಿತ್ತು, ಹಕ್ಕ” ಎಂದ.

ಅಷ್ಟೇ. ಎಂಟು ಕಾದಂಬರಿಗಳಲ್ಲಿ ಎಂಟು ತಪ್ಪೊಪ್ಪಿಗೆ ಬರೆದಿದ್ದ ಟೀಚರು, ತಪ್ಪೊಪ್ಪಿಗೆ ಇಷ್ಟು ಚಿಕ್ಕದಾಗಿರುತ್ತದೆ ಎಂದು ಎಂದೂ ಅಂದುಕೊಂಡಿರಲಿಲ್ಲ. ಗೋಡೆ ಹಿಡಿದು ಕೂತು ಅತ್ತರು.

ಆಮೇಲಿನ ದಿನಗಳಲ್ಲಿ ಅವರು ಮಾಡಿದ್ದನ್ನು ಮುಚ್ಚಿಡುವುದೇಕೆ? ಒಂದು ಅಧ್ಯಾಯ ಬರೆದರು. ಅದರಲ್ಲಿ ದೂರದ ಊರಿನ ಲಾರಿ ಬಂತು, ಕುಡಿದ ಚಾಲಕ ಬಂದ, ಗುದ್ದಿ ಹೋದ. ಆ ತಾಯಿಗೊಂದು ಮುಖ ಸಿಕ್ಕರೆ ಸಾಕಲ್ಲ, ಯಾರ ಮುಖವಾದರೇನು? ಊರಿನ ತಪ್ಪಿತಸ್ಥರಿಗೆಲ್ಲ ಒಂದು ನ್ಯಾಯ, ತಮ್ಮನಿಗೊಂದು. ಬರೆದದ್ದನ್ನು ಎಂದಿನಂತೆ ತಮ್ಮನಿಗೇ ಓದಲು ಕೊಟ್ಟರು. ಅವನು ಪೂರ್ತಿ ಓದಿ, ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಅಂಗಿ ಹಾಕಿಕೊಂಡ.

“ಪಾಪ, ಆ ಲಾರಿಯವನು ಏನು ಮಾಡಿದ್ದ ಅಕ್ಕ? ಮೊದಲು ಆ ಅಮ್ಮನಿಗೆ ಹೇಳ್ತೀನಿ. ಆಮೇಲೆ ಸ್ಟೇಷನ್ನು. ನೀನು ಬರ್ಬೇಡ.”

ಬರಬೇಡ ಎಂದರೆ ಕೇಳುವ ಅಕ್ಕನೇ? ಬೀದಿಯುದ್ದಕ್ಕೂ ಅವನ ಕೈ ಹಿಡಿದೇ ನಡೆದರು. ಜನ ನೋಡಿದರು, ನೋಡಲಿ.

ಇಸ್ತ್ರಿಯಮ್ಮ ಅಂಗಡಿಯಲ್ಲಿ ಒಬ್ಬರೇ ಇದ್ದರು. ತಮ್ಮ ಮೇಜಿನ ಮುಂದೆ ನಿಂತು ಎಲ್ಲ ಹೇಳಿದ. ಬೇಕರಿಯ ವ್ಯಾನು, ಮಂಜು, ತಿರುವು, ಸೈಕಲ್ಲು. ಆಕೆ ಕೂಗಾಡಲಿಲ್ಲ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಅವನ ಮುಖವನ್ನೇ ನೋಡಿದರು.

“ಫೋನ್ ಮಾಡಿದ್ದೂ ನೀನೇನಾ?”

“ಹೂಂ.”

“ಮಾಡಿ, ವಾಪಸ್ ಅವನ ಹತ್ರ ಹೋದ್ಯಾ?”

ತಮ್ಮ ತಲೆಯೆತ್ತಲಿಲ್ಲ. “ಇಲ್ಲಮ್ಮ. ಭಯ ಆಯ್ತು. ವ್ಯಾನ್ ತಗೊಂಡು ಹೋಗ್ಬಿಟ್ಟೆ.”

ಆಕೆ ಸ್ಟೂಲಿನ ಮೇಲೆ ಕುಸಿದರು. ಮಾತಾಡಿದ್ದು ಅವನ ಜೊತೆಗಲ್ಲ. “ಇಷ್ಟು ವರ್ಷ ನಾನೇನಂದ್ಕೊಂಡಿದ್ದೆ ಗೊತ್ತಾ ಟೀಚರ್? ಗುದ್ದಿದ ಪಾಪಿ ಒಬ್ಬ, ಫೋನ್ ಮಾಡಿದ ಪುಣ್ಯಾತ್ಮ ಇನ್ನೊಬ್ಬ ಅಂತ. ಆಂಬುಲೆನ್ಸ್ ಬರೋವರೆಗೂ ಆ ಪುಣ್ಯಾತ್ಮ ನನ್ನ ಮಗನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದ ಅಂತ. ಅವನ ಹೊಟ್ಟೆ ತಣ್ಣಗಿರ್ಲಿ ಅಂತ ದಿನಾ ಹರಸ್ತಿದ್ದೆ.” ಸೆರಗಿನಿಂದ ಬಾಯಿ ಒತ್ತಿಕೊಂಡರು. “ಹಾಗಾದ್ರೆ ಒಬ್ಬನೇ ಇದ್ನಾ, ನನ್ನ ಮಗು?”

ಟೀಚರೇ ಹೇಳಬೇಕಾಯಿತು.

“ಹೂಂ ಅಮ್ಮ. ಒಬ್ಬನೇ ಇದ್ದ.”