ಕೆಮ್ಮು ಮರೆತ ದಿನ

"ಕೆಮ್ಮೋಕೆ ಮಾತ್ರ ಬಾಯಿದೆ, ಉತ್ತರ ಕೊಡೋಕಿಲ್ವಾ? ಬೆಳಬೆಳಗ್ಗೆ ತಲೆ ತಿನ್ನೋಕೆ ಎಲ್ಲಿಂದ ಬರ್ತೀರೋ."

ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಹಜಾರದ ಬೆಂಚುಗಳು ಆಗಲೇ ತುಂಬಿವೆ. ಅಷ್ಟೂ ಜನರ ಎದುರು ಡ್ಯೂಟಿ ಡಾಕ್ಟರು ಹೀಗೆ ಗದರಿದಾಗ ಲಿಫ್ಟಣ್ಣ ತಲೆ ತಗ್ಗಿಸಿ ಇನ್ನೊಮ್ಮೆ ಕೆಮ್ಮುತ್ತಾರೆ. ಅವರಿಗೆ ಕೆಮ್ಮಿಲ್ಲ. ಯಾವ ಕಾಯಿಲೆಯೂ ಇಲ್ಲ.

ರೋಗಿಯಂತೆ ಬಂದು ಕೂತು, ಇಲ್ಲಿನವರು ರೋಗಿಯನ್ನು ಮನುಷ್ಯನೆಂದು ಕಾಣುತ್ತಾರೋ ಇಲ್ಲವೋ ನೋಡಿ ಹೇಳುವುದು ಅವರ ಕೆಲಸ. ಆಸ್ಪತ್ರೆಯ ಮೇಲಿನವರೇ ಗುಟ್ಟಾಗಿ ಕರೆಸುತ್ತಾರೆ. ಇವತ್ತಿನ ವೇಷ, ಹೆಂಡತಿ ತೀರಿಕೊಂಡ ಒಂಟಿ ಮುದುಕ.

ಮೊದಲು ಇನ್ನೊಂದು ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದರು, ಹೆಸರು ಅಂಟಿದ್ದು ಅಲ್ಲೇ. "ಮೇಲೆ ಹೋಗೋವಾಗ ಎಲ್ರೂ ಸುಮ್ನಿರ್ತಾರೆ. ಇಳಿಯೋವಾಗ ಅಳ್ತಾರೆ. ಕಾಯಿಲೆಗಲ್ಲ ಸ್ವಾಮಿ, ಡಾಕ್ಟರು ಮುಖಾನೇ ನೋಡ್ಲಿಲ್ಲ ಅಂತ," ಎಂದು ಈಗಲೂ ಹೇಳುತ್ತಿರುತ್ತಾರೆ. ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟ್ ಬಂತು. ಇವರನ್ನು ಮನೆಗೆ ಅಟ್ಟಿದರು, ಒಂದು ಒಳ್ಳೆಯ ಮಾತೂ ಆಡದೆ.

ಮನೆಯಲ್ಲಿ ಹೆಂಡತಿಯ ಗಂಟಲಲ್ಲಿ ಗಂಟೊಂದು ಬೆಳೆಯುತ್ತಿದೆ. "ಇಷ್ಟು ದಿನ ಕತ್ತೆ ಕಾಯ್ತಿದ್ಯಾ?" ಎಂದು ಯಾರೋ ಡಾಕ್ಟರು ನಾಲ್ಕು ಜನರ ಮುಂದೆ ಅಂದದ್ದೇ ಕೊನೆ, ಆಕೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಸಂಜೆಯಾದರೆ ಗಂಡನನ್ನು ಕಿಚಾಯಿಸುತ್ತಾರೆ: "ಇಲ್ಲದಿರೋ ಕೆಮ್ಮಿಗೆ ಊರ ತುಂಬಾ ಡಾಕ್ಟರು ನಿಮ್ಗೆ. ನಂಗೊಬ್ರು ಸಿಕ್ಕಿದ್ರಾ?"

ಸಿಕ್ಕಿಲ್ಲ. ಹೀಗೆ ಬೆಂಚಿನ ಮೇಲೆ ಕಾದು ಕೂತರೆ ಫ್ಯಾನಿನ ಸದ್ದಿಗೆ ಹಜಾರವೇ ಲಿಫ್ಟಿನಂತೆ ಮೆಲ್ಲಗೆ ಮೇಲೇಳುತ್ತದೆ. ಬೆಂಚು, ಗೋಡೆ, ನಿದ್ದೆಗಣ್ಣಿನ ಜನ ಎಲ್ಲ ತೇಲುತ್ತಾರೆ. ಯಾವ ಮಹಡಿಯಲ್ಲೂ ಬಾಗಿಲು ತೆರೆಯುವುದಿಲ್ಲ.

ಒಳಗಿನ ಕೋಣೆಗೆ ಕರೆ ಬರುತ್ತದೆ. ಅಲ್ಲಿನ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಾರೆ. ಇಷ್ಟೇ ಬೇಕಾದದ್ದು. ಇಷ್ಟು ಮಾಡಲು ಮಿಕ್ಕವರಿಗೆ ಏನು ದಾಡಿ?

"ಕೆಮ್ಮು ಇರ್ಲಿ ತಾತ. ರಾತ್ರಿ ನಿಮ್ಮ ನಿದ್ದೆ ಕೆಡಿಸ್ತಿರೋದು ಏನು?"

ಎಲ್ಲೋ ಲಿಫ್ಟ್ ನಿಂತಂತಾಗುತ್ತದೆ. "ನನ್ನ ಹೆಂಡ್ತಿ ಗಂಟಲು, ತಾಯಿ," ಎಂದುಬಿಡುತ್ತಾರೆ.

ಒಂಟಿ ಮುದುಕನಿಗೆ ಎಲ್ಲಿಯ ಹೆಂಡತಿ? ವೇಷ ಕಳಚಿತು. ಗುಟ್ಟು ಬಿಟ್ಟುಕೊಟ್ಟವರಿಗೆ ಇಲ್ಲಿ ಮತ್ತೆ ಕೆಲಸವಿಲ್ಲ. ಲಿಫ್ಟಣ್ಣ ಇದ್ದದ್ದನ್ನೆಲ್ಲ ಹೇಳುತ್ತಾರೆ. ಡಾಕ್ಟರಮ್ಮ ವೇಷದ ಕತೆ ಕೇಳಿ ನಗುತ್ತಾರೆ, ಗಂಟಿನ ಮಾತಿಗೆ ನಗುವುದಿಲ್ಲ.

"ನಾಳೆ ಕರ್ಕೊಂಡು ಬನ್ನಿ. ಅವ್ರಿಗೆ ಭಯ ಆದ್ರೆ ಮೊದಲ ದಿನ ಬರೀ ಮಾತಾಡ್ಸ್ತೀನಿ, ಮುಟ್ಟಲ್ಲ."

"ಕೆಲಸ ಹೋದ್ರೆ ಹೋಗ್ಲಿ," ಎನ್ನುತ್ತಾರೆ ಲಿಫ್ಟಣ್ಣ ಆಚೆ ಬಂದು, ತಮಗೆ ತಾವೇ. "ಅವಳು ಇಳಿಯೋವಾಗ ಅಳಬಾರ್ದು, ಅಷ್ಟೇ ನಂಗೆ."

ಮರುದಿನ ಅದೇ ಎಳೆಬೆಳಕು, ಅದೇ ಹಜಾರ. ಮುಟ್ಟುವುದಿಲ್ಲ ಎಂಬ ಮಾತಿಗೆ ಒಪ್ಪಿ ಬಂದ ಹೆಂಡತಿ ಸೆರಗಿನಿಂದ ಗಂಟಲು ಮುಚ್ಚಿಕೊಂಡಿದ್ದಾರೆ, ಕಾಲುಗಳು ಹಿಂದಕ್ಕೆಳೆಯುತ್ತಿವೆ. ಡ್ಯೂಟಿ ಡಾಕ್ಟರು ಕಂಡವರೇ ಎಲ್ಲರಿಗೂ ಕೇಳುವಂತೆ, "ಏನಪ್ಪಾ, ಮತ್ತೆ ಬಂದ್ಯಾ? ಎಲ್ಲಿ ನಿನ್ನ ಕೆಮ್ಮು?" ಎನ್ನುತ್ತಾರೆ.

ಹೆಂಡತಿ ನಿಂತುಬಿಡುತ್ತಾರೆ. ಲಿಫ್ಟಣ್ಣ ಆಕೆಯ ಮೊಣಕೈ ಹಿಡಿದು ಒಳಗಿನ ಕೋಣೆಯತ್ತ ನಡೆಯುತ್ತಾರೆ.