ಇಪ್ಪತ್ತನಾಲ್ಕನೆಯ ಸಾಲು

“ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಮಾತೂ ನೆಟ್ಟಗೆ ಬರುವುದಿಲ್ಲ. ಓದುವವರು ಕ್ಷಮಿಸಬೇಕು.”

ಮುಸ್ಕಾನ್ ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದಿದ್ದಳು. ಅದನ್ನು ಓದುವವರು ಯಾರೂ ಇರಲಿಲ್ಲ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು, ಶಿರಸಿಯಲ್ಲಿ ಸದಾಶಿವನ ಲಗ್ನಪತ್ರಿಕೆ ಅಂಗಡಿಯಲ್ಲಿ ಟೈಪು ಮಾಡಲು ಸೇರಿ ಒಂದು ವರ್ಷವಾಗಿತ್ತು. ಅಂಗಡಿಯ ಹಳೆಯ ಕಂಪ್ಯೂಟರು ಭಾರದ ಕೆಲಸಕ್ಕೆ ಬಗ್ಗುತ್ತಿರಲಿಲ್ಲ. ಅದಕ್ಕೇ ಅವಳು ಹೆಸರುಗಳನ್ನೆಲ್ಲ ಬರೀ ಅಕ್ಷರ ತೋರಿಸುವ ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ತೆರೆಯುವ, ಬರೆದು ತಿದ್ದಲಿಕ್ಕಿರುವ ಒಂದು ಪುಕ್ಕಟೆ ಎಡಿಟರಿನಲ್ಲಿ ಟೈಪು ಮಾಡುತ್ತಿದ್ದಳು.

ಬನವಾಸಿ ಕಡೆಯ ಗಿರಾಕಿಗಳು ಅಚ್ಚಿಗೆ ಮೊದಲು ಮನೆಯ ಹಿರಿಯರೊಬ್ಬರನ್ನು ಕಳಿಸುತ್ತಿದ್ದರು. ಸುಖಾಗಮನ ಬಯಸುವವರ ಪಟ್ಟಿಯನ್ನು ಅವರು ಕಣ್ಣಾರೆ ನೋಡಬೇಕು. ಒಂದು ಹೆಸರು ಬಿಟ್ಟುಹೋದರೆ ಮೂರು ತಲೆಮಾರು ಮಾತು ಬಿಡುವ ಜನ.

ಆ ಸೋಮವಾರ ಮದುಮಗಳ ಸೋದರತ್ತೆ ಗಂಗಾಂಬಿಕಾ ಬಂದರು. ಮುಸ್ಕಾನ್ ಆಗಷ್ಟೇ ಪಟ್ಟಿಯ ತಲೆಯಲ್ಲಿದ್ದ ಒಂದು ಖಾಲಿ ಸಾಲನ್ನು ಅಳಿಸಿದ್ದಳು. ಪರದೆಯ ಕೆಳಗಡೆ ಅವರ ತಮ್ಮ ಬಸಪ್ಪನ ಹೆಸರಿತ್ತು. ಅದರಡಿಗೆ, ತುಟ್ಟತುದಿಯಲ್ಲಿ, ಖಾಲಿ ಜಾಗ.

“ನನ್ನ ಹೆಸರೆಲ್ಲೈತಿ?”

“ಇತ್ರೀ...” ಎಂದಳು ಮುಸ್ಕಾನ್.

“ಇತ್ತಂತ! ನಿನ್ನೆ ಬಸಪ್ಪ ಬಂದಿದ್ದಿಲ್ಲೇನು? ನಿನಗ ಚಾ ಕುಡಿಸಿ ಅಳಿಸ್ಯಾನ. ಬೆನ್ನಿಗೆ ಬಿದ್ದ ತಮ್ಮ, ಬುದ್ಧಿ ಮಾತ್ರ ಹಾವಿಂದು.”

ಬಸಪ್ಪ ಬಂದಿದ್ದು ನಿಜ. ಚಹಾ ತರಿಸಿದ್ದೂ ನಿಜ. ಸದಾಶಿವ ಮುಸ್ಕಾನ್‌ಳ ಮುಖವನ್ನೇ ನೋಡಿದ. ಅವಳು ಕೀಬೋರ್ಡಿನತ್ತ ತಲೆ ತಗ್ಗಿಸಿದಳು. ಅದನ್ನು ಅವನು ತಪ್ಪೊಪ್ಪಿಗೆ ಎಂದುಕೊಂಡ. ತಾನೇ ಕೂತು, ಬಸಪ್ಪನ ಸಾಲಿನ ಕೊನೆಗೆ ಎಂಟರ್ ಒತ್ತಿ, ಅಕ್ಕನ ಹೆಸರು ಟೈಪು ಮಾಡಿ, ಕರಡು ಪ್ರತಿ ತೆಗೆದ.

ಕರಡಿನಲ್ಲಿ ಗಂಗಾಂಬಿಕಾ ಎರಡು ಸಲ, ಒಂದರ ಕೆಳಗೊಂದು.

“ಒಮ್ಮೆ ಇಲ್ಲೇ ಇಲ್ಲ, ಆಮ್ಯಾಲೆ ಎರಡು! ಚ್ಯಾಷ್ಟಿ ಮಾಡ್ತೀರೇನು? ನಾನೇನು ಅವಳಿ ಹುಟ್ಟೇನೇನು?” ಎಂದು ಅವರು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

“ನೋಡವಾ,” ಎಂದ ಸದಾಶಿವ, “ನಾಳೆ ಮಧ್ಯಾಹ್ನ ಮತ್ತ ಬರ್ತಾರ. ಅಷ್ಟರಾಗ ಯಾರು ಕೈಯಾಡಿಸಿದ್ರು ಹೇಳು. ಇಲ್ಲಂದ್ರ ನಾಡಿದ್ದರಿಂದ ಬರಬ್ಯಾಡ.”

ಮುಸ್ಕಾನ್ ಮೊದಲು ಬಸಪ್ಪನನ್ನು ಅನುಮಾನಿಸಿದಳು. ಆದರೆ ಅವನು ಕೀಬೋರ್ಡಿನ ಹತ್ತಿರವೂ ಸುಳಿದಿರಲಿಲ್ಲ. ತನ್ನನ್ನು ಕೆಲಸದಿಂದ ಬಿಡಿಸಲು ನೆಪ ಹುಡುಕುತ್ತಿದ್ದಾನೋ ಎಂದು ಸದಾಶಿವನ ಮೇಲೂ ಅನುಮಾನ ಬಂತು. ಆಮೇಲೆ ತನ್ನ ಬೆರಳುಗಳ ಮೇಲೆಯೇ. ಕೊನೆಗೆ ಕರಡು ಹಾಳೆಯನ್ನು ದಿಟ್ಟಿಸುತ್ತ ಕೂತಾಗ ಹೊಳೆಯಿತು: ಸದಾಶಿವ ಟೈಪು ಮಾಡಿದ್ದು ಒಂದೇ ಸಲ. ಅಂದರೆ ಇನ್ನೊಂದು ಮೊದಲೇ ಇತ್ತು. ಯಾರೂ ಅಳಿಸಿರಲಿಲ್ಲ. ಸುಳ್ಳು ಹೇಳಿದ್ದು ಪರದೆ.

ಮರುದಿನ ಬೆಳಿಗ್ಗೆ ಅವಳು ಒಂದರಿಂದ ನಲವತ್ತರವರೆಗೆ ಸಾಲಿಗೊಂದು ಅಂಕಿ ಬರೆದು, ಮೊದಲ ಸಾಲನ್ನು ಅಳಿಸಿದಳು. ಉಳಿದವು ಒಂದೊಂದು ಮೆಟ್ಟಿಲು ಏರಿದವು. ಪರದೆಯ ಕೊನೆಯ, ಇಪ್ಪತ್ತನಾಲ್ಕನೆಯ ಸಾಲು ಮಾತ್ರ ಖಾಲಿ. ಪರದೆಯನ್ನು ಪೂರ್ತಿ ಹೊಸದಾಗಿ ಬರೆಸುವ ಕೀ ಒತ್ತಿದ ಕೂಡಲೇ ಅಲ್ಲಿ ಇಪ್ಪತ್ತೈದು ಬಂದು ಕೂತಿತು. ನಂಬಿಕೆಯಾಗದೆ ಹನ್ನೊಂದು ಸಲ ಮಾಡಿದಳು. ಹನ್ನೊಂದು ಸಲವೂ ನೋಟ್‌ಬುಕ್ಕಿನಲ್ಲಿ ಬರೆದಳು.

ಆ ಎಡಿಟರಿನ ಕೋಡು ಯಾರು ಬೇಕಾದರೂ ತೆರೆದು ನೋಡುವಂಥದ್ದು. ಬಿಡುವಿದ್ದಾಗಲೆಲ್ಲ ಅವಳು ಅದನ್ನು ಓದುತ್ತಿದ್ದಳು. ಈಗ ಟರ್ಮಿನಲ್ಲಿಗೆ ಬರೆಯುವ ಭಾಗವನ್ನು ಸಾಲುಸಾಲಾಗಿ ಬೆರಳಿಟ್ಟು ಓದಿದಳು. ಎಲ್ಲವನ್ನೂ ಮತ್ತೆ ಬರೆಯುವ ಶ್ರಮ ಉಳಿಸಲು ಎಡಿಟರು ‘ಒಂದು ಸಾಲು ಮೇಲೆ ಸರಿ’ ಎಂದು ಟರ್ಮಿನಲ್ಲಿಗೆ ಹೇಳುತ್ತಿತ್ತು. ಕೆಳಗೆ ತೆರವಾದ ಸಾಲನ್ನು ಆಮೇಲೆ ತಾನು ಬರೆಯಬೇಕು. ಆದರೆ ಎಣಿಕೆಯಲ್ಲಿ ಒಂದು ಹೆಚ್ಚಾಗಿ, ಅದನ್ನೂ ಆಗಲೇ ಬರೆದಾಯಿತೆಂದು ಗುರುತು ಹಾಕಿಕೊಂಡು ಸುಮ್ಮನಾಗುತ್ತಿತ್ತು. ಮುಸ್ಕಾನ್ ಆ ಒಂದನ್ನು ಕಳೆದು, ತಿದ್ದಿದ ಕೋಡಿನಿಂದ ಎಡಿಟರನ್ನು ಮತ್ತೆ ಕಟ್ಟಿ, ಇನ್ನೂ ಹನ್ನೊಂದು ಸಲ ನೋಡಿದಳು. ಇಪ್ಪತ್ತೈದು ಒಮ್ಮೆಯೂ ತಪ್ಪಲಿಲ್ಲ.

ಮಧ್ಯಾಹ್ನ ಗಂಗಾಂಬಿಕಾ ಅವರಿಗೆ ಹಳೆಯ ಎಡಿಟರನ್ನೂ ತಿದ್ದಿದ್ದನ್ನೂ ತೋರಿಸಿ, ಪಟ್ಟಿಯಲ್ಲಿ ಹೆಚ್ಚಾಗಿದ್ದ ಹೆಸರನ್ನು ಅಳಿಸಿದಳು.

“ಅಂದ್ರ ಈ ಡಬ್ಬಿನೇ ಕಳ್ಳ?”

“ಹೌದ್ರೀ ಅಮ್ಮ. ಹೆಸರು ಒಳಗಿತ್ತು. ತೋರಿಸಿದ್ದಿಲ್ಲ.”

“ಬಸಪ್ಪ ಇದಕ್ಕ ಏನೂ ಹೇಳಿಕೊಟ್ಟಿಲ್ಲ ಹೌದಿಲ್ಲೋ?”

ಸದಾಶಿವ ನಕ್ಕ. ಅವರು ನಗಲಿಲ್ಲ. ಅಚ್ಚಿನ ಹಾಳೆ ಕೈಗೆ ಬರುವ ತನಕ ಪರದೆಯ ಮೇಲಿನ ತಮ್ಮ ಹೆಸರಿನಿಂದ ಬೆರಳು ತೆಗೆಯಲಿಲ್ಲ. ಹಾಳೆಯಲ್ಲಿ ಹೆಸರು ಒಂದೇ ಸಲ ಇತ್ತು.

“ನಾಳೆ ಒಂಬತ್ತಕ್ಕ ಬಾರವಾ,” ಎಂದ ಸದಾಶಿವ, ಅವಳ ಮುಖ ನೋಡದೆ.

ನಾಳೆ ಒಂಬತ್ತಕ್ಕೆ ಮುಸ್ಕಾನ್ ಬಂದು, ನೋಟ್‌ಬುಕ್ಕಿನಲ್ಲಿರುವುದನ್ನು ಟೈಪು ಮಾಡಿ, ಆ ಎಡಿಟರನ್ನು ಬರೆದವರಿಗೆ ಕಳಿಸುತ್ತಾಳೆ.