ಮೋಡಕ್ಕೆ ಕಳಮನಾ ಸಿಕ್ಕಿತು

ನಮ್ಮ ಪಲ್ಲವಿಯ ಮೋಡಕ್ಕೆ ಇವತ್ತು ಬೆಳಿಗ್ಗೆ ಕಳಮನಾ ಮಾರುಕಟ್ಟೆ ಸಿಕ್ಕಿತು! ಹೇಳದೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಮೊದಲೇ ಹೇಳಿಬಿಟ್ಟೆ.

ಪಲ್ಲವಿ ನನ್ನ ಮೊಮ್ಮಗಳು. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅವಳ ಕೆಲಸ ನನಗೆ ತಿಳಿದ ಮಟ್ಟಿಗೆ ಇಷ್ಟು: ಊರೂರಿನ ಕಂಪ್ಯೂಟರುಗಳಲ್ಲಿ ಇರುವುದನ್ನೆಲ್ಲ ಒಂದೇ ಕಡೆ ತರಿಸಿಕೊಳ್ಳುವ ದೊಡ್ಡ ಉಗ್ರಾಣವಿದೆಯಂತೆ. ಅದಕ್ಕೆ ಕ್ಲೌಡ್ ಎನ್ನುತ್ತಾರೆ, ಅಂದರೆ ಮೋಡ. ಆ ಮೋಡಕ್ಕೂ ನಾವಿರುವ ಈ ಮರಾಠಿ ಊರಿನ ಕಳಮನಾ ಮಾರುಕಟ್ಟೆಯ ಕಿತ್ತಳೆ ವ್ಯಾಪಾರಿಯೊಬ್ಬರ ಹಳೆಯ ಕಂಪ್ಯೂಟರಿಗೂ ಜೋಡಣೆ ಮಾಡುವುದು ಅವಳು ಒಬ್ಬಳೇ ಹೊತ್ತ ಮೊದಲ ಕೆಲಸ. ಇವತ್ತಿನೊಳಗೆ ಆಗದಿದ್ದರೆ ಅದು ಬೇರೆಯವರ ಪಾಲಾಗುತ್ತಿತ್ತು.

ನನಗೋ ಮೋಡವೆಂದರೆ ಮೋಡವೇ. ಗಚ್ಚಿಯ ಮೇಲೆ ಹಪ್ಪಳ ಒಣಗಿಸುತ್ತಾ ನೋಡಿದರೆ, ಕೋರಾಡಿಯ ಕರೆಂಟು ಕಾರ್ಖಾನೆಯ ಕಡೆಯಿಂದ ಬಿಳಿಯದೊಂದು ಮೆಲ್ಲಗೆ ತೇಲಿ ಬಂದು, ಮಾರುಕಟ್ಟೆಯ ತಗಡಿನ ಮೇಲೆ ಬಗ್ಗಿ, "ಇವತ್ತ ಎಷ್ಟ ಲಾರಿ ಹಣ್ಣ ಬಂತು?" ಎಂದು ಕೇಳಿದಂತೆ ಕಾಣುತ್ತಿತ್ತು. ಕೆಳಗಿನಿಂದ ಉತ್ತರವೇ ಇಲ್ಲ. ಹಿಂದೆ ಹುಬ್ಬಳ್ಳಿಯಿಂದ ನನ್ನವ್ವ ನಮ್ಮ ನೆರೆಮನೆಯ ಫೋನಿಗೆ ಕರೆ ಮಾಡುತ್ತಿದ್ದಳು. ಆ ಮನೆಗೆ ಬೀಗವಿದ್ದ ದಿನ ಅವಳೂ ಹೀಗೇ ಕಿವಿಗೊಟ್ಟು ನಿಂತಿರುತ್ತಿದ್ದಳೇನೋ.

"ನಿನ್ನ ಮೋಡಕ್ಕ ದೃಷ್ಟಿ ತಗೀಲೇನ?" ಎಂದೆ.

"ಗಪ್ ಕುಂದರ ಅಜ್ಜಿ. ಹಗಲೆಲ್ಲಾ ಬರೋಬರ್ ನಡೀತೈತಿ, ರಾತ್ರಿ ಕೇಳಿದ್ರ ಯಾರೂ ಓ ಅನ್ನಂಗಿಲ್ಲ," ಎಂದು ಅಳುವಂತೆ ನಕ್ಕಳು.

ನಿನ್ನೆ ಸಂಜೆ ಸ್ಕೂಟರ್ ಹತ್ತಿ ತಾನೇ ಆ ವ್ಯಾಪಾರಿಯ ಅಂಗಡಿಗೆ ಹೋದಳು. ಅಲ್ಲಿಯ ಗುಮಾಸ್ತ ಧೋಂಡೂಕಾಕಾ ದಿನಾ ಸಂಜೆ ಊದುಬತ್ತಿ ಬೆಳಗಿ, ಕೈಮುಗಿದು, ಮೇನ್ ಸ್ವಿಚ್ಚನ್ನೇ ಇಳಿಸಿ ಬಾಗಿಲು ಹಾಕುತ್ತಿದ್ದರಂತೆ. ಇಪ್ಪತ್ತೆಂಟು ದೀಪ, ಫ್ಯಾನು, ಕಂಪ್ಯೂಟರು, ಎಲ್ಲಕ್ಕೂ ಒಂದೇ ನಿದ್ದೆ! ಮೋಡ ಲೆಕ್ಕ ಕೇಳಲು ಬರುವುದೋ ಆಮೇಲೆ, ರಾತ್ರಿಗೆ.

"ಕಾಕಾ, ಇದೊಂದು ಚಾಲೂ ಇರಲಿ," ಎಂದು ಇವಳು ಮರಾಠಿಯಲ್ಲಿ ಕೇಳಿದರೆ, "ಬೆಂಕಿ ಹತ್ತಿದರೆ ನಿನ್ನ ಮೋಡ ಮಳೆ ಸುರಿಸುತ್ತದೆಯೇ, ಪೋರೀ?" ಎಂದು ಅವರು ಕಿಚಾಯಿಸಿದರಂತೆ. ಕೊನೆಗೆ ವಯರ್‌ಮನ್ ಬಂದು ಮೇನ್ ಇಳಿಸಿದರೂ ಆರದಂತೆ ಕಂಪ್ಯೂಟರಿಗೆಂದೇ ಬೇರೆ ಸ್ವಿಚ್ಚು ಕೂಡಿಸಿದ. ಯಾರೂ ಇಳಿಸಬಾರದೆಂದು ಧೋಂಡೂಕಾಕಾರೇ ಅದಕ್ಕೆ ಕುಂಕುಮ ಹಚ್ಚಿದರು. ಕುಂಕುಮ ಹಚ್ಚಿದ್ದನ್ನು ಯಾರು ಮುಟ್ಟಿಯಾರು?

ಬೆಳಿಗ್ಗೆ ಪಲ್ಲವಿ "ಬಂತಜ್ಜೀ, ಎಲ್ಲಾ ಬಂತು!" ಎಂದು ನನ್ನ ಹಿಟ್ಟಿನ ಕೈ ಹಿಡಿದು ಕುಣಿಸಿದಳು. ಪರದೆಯ ಮೇಲಿನ ಸಾಲುಗಳು ನನಗೆ ಓದಲು ಬರಲಿಲ್ಲ. ಕಿತ್ತಳೆಯ ವಾಸನೆ ಮಾತ್ರ ಬಂದಂತಾಯಿತು.

ಸಂಜೆ ನಮ್ಮ ಯಜಮಾನರು, ಮಗ, ಸೊಸೆ, ಪಲ್ಲವಿ ಒಟ್ಟಿಗೆ ಊಟಕ್ಕೆ ಕುಳಿತರು. ಎಲ್ಲರದಾದ ಮೇಲೆ ಉಣ್ಣುವವಳು ನಾನು, ಬಡಿಸುತ್ತಾ ನಿಂತೆ. ಪಲ್ಲವಿ ಸೆರಗು ಜಗ್ಗಿದಳು. "ನೀ ಕುಂದ್ರದ ನಾ ತುತ್ತ ಎತ್ತಂಗಿಲ್ಲ ನೋಡ." ಕುಳಿತೆ. ಕಡಲೆಹಿಟ್ಟಿನ ಝುಣಕದ ಪಾತ್ರೆ ಕೈಯಿಂದ ಕೈಗೆ ಹೋಯಿತು. ನನ್ನ ತಟ್ಟೆಗೆ ಮೂವರು ಬಡಿಸಿದರು. ಬಿಸಿ ಇರುವಾಗ ನನ್ನ ರೊಟ್ಟಿ ಇಷ್ಟು ಮೆತ್ತಗಿರುತ್ತದೆಂದು ಇವರ್ಯಾರೂ ನನಗೆ ಹೇಳಿಯೇ ಇರಲಿಲ್ಲ.